ಹೊನ್ನವ್ವನ ಹೊಲದ ನಾಲ್ಕು ಗೂಟ

ಯಂಕಂಚಿಯ ಹೊನ್ನವ್ವ ಹಾವಿಗೆ ಹೆದರಿದವಳಲ್ಲ, ಗೂಟಕ್ಕೆ ಹೆದರುತ್ತಿದ್ದಳು. ಮುದ್ದೇಬಿಹಾಳ ಸೀಮೆಯ ಹೊಳೆದಂಡೆಯಲ್ಲಿ ಅವಳಿಗೆ ಆರೆಕರೆ ಎರೆ ಹೊಲವಿತ್ತು. ಒಂದು ದಿನ ಯಾರೋ ಬಂದು ಬದುವಿನ ಮೇಲೆ ಗೂಟ ಬಡಿದು, "ಬರೇ ಅಳತಿ, ಏನೂ ಆಗೂದಿಲ್ಲ" ಎಂದರು. ಮೂರನೆಯ ವರ್ಷ ಅಣೆಕಟ್ಟಿನ ಹಿನ್ನೀರು ಗೂಟವನ್ನೂ ನುಂಗಿತು, ಹೊಲವನ್ನೂ ನುಂಗಿತು. ಬಂದ ಪರಿಹಾರದಲ್ಲಿ ಯಂಕಂಚಿಯಲ್ಲಿ ಎರಡೆಕರೆ ಹಿಡಿದಳು. ಅವಳಿಗೆ ಉಳಿದದ್ದು ಅಷ್ಟೇ ನೆಲ.

೧೯೯೯ರಲ್ಲಿ, ಮಿರಗ, ಅಂದರೆ ಮೃಗಶಿರ ಮಳೆ, ಕೂಡಿದ ನಾಲ್ಕನೆಯ ದಿನ, ತಾಳಿಕೋಟೆಯ ನಿಷತ ಎಂಬ ಹುಡುಗಿ ಜೀಪಿನಲ್ಲಿ ತಗಡಿನ ಬುಟ್ಟಿಯಂಥ ದೊಡ್ಡ ಆಂಟೆನಾ ಹೇರಿಕೊಂಡು ಬಂದಳು. ಪುಣೆಯಲ್ಲಿ ಓದುವವಳು. ಕರೆಂಟಿನ ತಂತಿ, ಮೋಟರುಗಳ ಗದ್ದಲವಿಲ್ಲದ ಹೊಲ ಬೇಕಿತ್ತಂತೆ. ಹೊನ್ನವ್ವನ ಮಗ ಪರಪ್ಪ ಹತ್ತು ದಿನಕ್ಕೆ ಹೂಂ ಅಂದುಬಿಟ್ಟಿದ್ದ. ಗಾಳಿಗೆ ಅಲುಗದಿರಲೆಂದು ಹುಡುಗಿ ನಾಲ್ಕು ಕಬ್ಬಿಣದ ಗೂಟ ಬಡಿದು ಹಗ್ಗ ಬಿಗಿದಳು. ಬುತ್ತಿ ಉಂಡು ಬರುವಷ್ಟರಲ್ಲಿ ಹಗ್ಗಗಳು ಜೋತುಬಿದ್ದಿದ್ದವು, ಗೂಟಗಳಿರಲಿಲ್ಲ.

"ಆಯಿ, ಗೂಟ ನೋಡೀರೇನ್ರಿ?"

"ನಾಯಿ ಒಯ್ದಿರಬೇಕು."

"ಕಬ್ಬಿಣದ ಗೂಟಾ ನಾಯಿ ತಿಂತೈತೇನ್ರಿ?"

"ನನ್ನ ಆರೆಕರೆ ಹೊಲಾ ಮೀನ ತಿಂದಾವ. ನಾಯಿ ಗೂಟಾ ತಿಂದ್ರೇನಾತು?" ಹೊನ್ನವ್ವ ಬದುವಿನ ಮೇಲೆ ಕುಳಿತಳು. "ಏನ ಅಳಿಯಾಕ ಬಂದಿ, ಖರೇ ಹೇಳು."

"ಅಳಿಯಾಕಲ್ರಿ, ಚುಕ್ಕಿ ಸಲುವಾಗಿ."

"ನಡು ಮಧ್ಯಾಹ್ನದಾಗ?"

ಹಗಲಲ್ಲಿ ಚುಕ್ಕಿ ತೋರಿಸುವವರನ್ನು ಹೊನ್ನವ್ವ ಮೊದಲೇ ಕಂಡಿದ್ದಳು. ಅವರು ಹೋಗುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು.

"ಕಣ್ಣಿಲೆ ನೋಡೂದಲ್ರಿ, ರೇಡಿಯೊದಂಗ ಕೇಳೂದು. ಅಲ್ಲಿ ಭಾರೀ ಚುಕ್ಕಿ ಹುಟ್ಟಾಕತ್ತಾವ, ಸುತ್ತ ಧೂಳು ಕವದೈತಿ. ಅದರಾಗ ನೀರಿನ ಉಗಿ ಐತಿ. ಭಜನ್ಯಾಗ ಒಬ್ಬಾಂವ ಎತ್ತಿದ ದನಿಗೆ ಎಲ್ಲಾರೂ ಅದ ದನಿ ಕೂಡಿಸ್ತಾರಲ್ರಿ, ಹಂಗ ಆ ಉಗಿ ರೇಡಿಯೊ ಅಲೆಗೆ ಅಲೆ ಕೂಡಿಸಿ ಜೋರ ಮಾಡ್ತೈತಿ. ಮೇಸರ್ ಅಂತಾರ. ದನಿಯ ಶ್ರುತಿ ಏರಿದ್ರ ಉಗಿ ನಮ್ಮ ಕಡೆ ಬರಾಕತ್ತೈತಿ, ಇಳದ್ರ ದೂರ ಹೊಂಟೈತಿ. ಬಸ್ಸಿನ ಹಾರ್ನ್ ಇದ್ದಂಗ."

ಹೊನ್ನವ್ವನ ಹುಬ್ಬು ಗಂಟಾಯಿತು. "ನೀರು ಅನ್ನೂದನ್ನ ಮೊದಲ ಹೇಳಬೇಕಿಲ್ಲೇನು?"

ಹುಡುಗಿ ಜೋತುಬಿದ್ದ ಹಗ್ಗವನ್ನು ಕೈಗೆ ಸುತ್ತಿಕೊಳ್ಳತೊಡಗಿದಳು.

"ಯಾವ ಚುಕ್ಕಿ ಅದು?" ಹೊನ್ನವ್ವ ಕೇಳಿದಳು.

"ಮಿರಗದ ಹತ್ತಿರಂದ್ರಿ."

"ಈಗ ಎಲ್ಲೈತಿ? ಬಟ್ಟು ಮಾಡಿ ತೋರ್ಸು."

ನಿಷತ ಯಾವ ಕಾಗದವನ್ನೂ ನೋಡಲಿಲ್ಲ. ಸೂರ್ಯನಿಂದ ತೆಂಕಣಕ್ಕೆ ಬೆರಳಿಟ್ಟಳು.

ಹೊನ್ನವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮಳೆ ನಕ್ಷತ್ರಗಳ ಲೆಕ್ಕ ಅವಳ ನಾಲಿಗೆಯ ತುದಿಯಲ್ಲಿತ್ತು. ಸೂರ್ಯ ಮಿರಗವನ್ನು ಹೊಕ್ಕರೆ ಮಿರಗ ಮಳೆ. ಆಗ ಆ ಚುಕ್ಕಿ ಹಗಲೆಲ್ಲ ಸೂರ್ಯನ ಮಗ್ಗುಲಲ್ಲೇ ನಡೆಯಬೇಕು. ಸುಳ್ಳು ಹೇಳುವವಳ ಬೆರಳು ಅಲ್ಲಿಗೆ ಹೋಗುತ್ತಿರಲಿಲ್ಲ.

ಚುಕ್ಕಿ ಖರೆ. ಆದರೆ ಗೂಟವೂ ಖರೆ ಎಂದು ಯಾರು ಹೇಳಬೇಕು?

ಎದ್ದು ಪಕ್ಕದ ಬಣವೆಯೊಳಗೆ ಕೈಹಾಕಿ ನಾಲ್ಕು ಗೂಟಗಳನ್ನೂ ಹಿರಿದಳು. "ಮುಂಜಾನೆ ನಾ ಕೊಡ್ತೇನಿ. ಸಂಜಿಕ ಕಿತ್ತು ನನ್ನ ಕೈಯಾಗ ಇಡಬೇಕು. ನನ್ನ ನೆಲದಾಗ ಗೂಟ ವಸ್ತಿ ಮಾಡಬಾರದು, ತಂಗಿ."

ಹಾಗೆಯೇ ನಡೆಯಿತು. ಆರನೆಯ ದಿನ ನಿಷತ ಹಿಗ್ಗಿನಿಂದ ಒಂದು ಕಾಗದ ತಂದು, ಅದರ ಮೇಲಿನ ಚೂಪು ಗೆರೆ ತೋರಿಸಿದಳು. "ಇದು ನಮ್ಮ ಕಡೆ ಬರೂ ಉಗಿ ನೋಡ್ರಿ, ಆಯಿ."

"ಎಂದ ಬಂದು ಮುಟ್ಟತೈತಿ?"

"ಮುಟ್ಟಂಗಿಲ್ರಿ. ಭಾಳ ದೂರ ಐತಿ."

"ಹಿನ್ನೀರಿಗೂ ಹಂಗ ಅಂದಿದ್ರು."

ಹನ್ನೊಂದನೆಯ ದಿನ ಜೀಪು ಹೋಯಿತು. ಅದರ ಧೂಳು ಕರಗುವವರೆಗೂ ಹೊನ್ನವ್ವ ಬದುವಿನ ಮೇಲೆ ನಿಂತಿದ್ದಳು. ಆಮೇಲೆ ಇಳಿದು, ಗೂಟ ಕಿತ್ತ ನಾಲ್ಕು ಕುಳಿಗಳಲ್ಲಿ ಎರಡೆರಡು ತೊಗರಿ ಕಾಳು ಊರಿ, ಹಿಮ್ಮಡಿಯಿಂದ ಮಣ್ಣು ಒತ್ತಿದಳು.