ತಲೆ ಮೀಯಿಸುವ ಹುಡುಗಿ

ಅವಳ ಬೆರಳ ತುದಿಗಳು ಯಾವಾಗಲೂ ನೀರಿನಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಮುಖ ಇನ್ನೂ ಎಳೆಯದು, ಬೆರಳುಗಳು ಮಾತ್ರ ಅಜ್ಜಿಯವು. ಸಾಲಿಗ್ರಾಮದ ನಮ್ಮ ಮನೆಗೆ ಮೊದಲ ಸಲ ಬಂದು ಕೈಮುಗಿದಾಗ, ಇದೇನಾದರೂ ಚರ್ಮರೋಗವಿರಬಹುದೇ, ಅಮ್ಮನಿಗೆ ಅಂಟೀತೇ ಎಂದು ನಾನು ಚಿಂತೆಗೆ ಬಿದ್ದೆ. ನಾನು ಜೀವವಿಮೆ ಮಾರುವವನು. ಬೇರೆಯವರಲ್ಲಿ ಚಿಂತೆ ಹುಟ್ಟಿಸುವುದು ಕಸುಬು; ಸ್ವಂತದ ಚಿಂತೆಗೆ ನನಗೆ ಯಾರ ಸಹಾಯವೂ ಬೇಕಾಗಿಲ್ಲ. ಮದುವೆಯಾದರೆ ಹೇಗೋ ಏನೋ ಎಂದು ಯೋಚಿಸುತ್ತಲೇ ಐವತ್ತು ದಾಟಿತು. ಮನೆಯಲ್ಲಿ ಉಳಿದದ್ದು ನಾನು, ಮತ್ತು ನಾನು ಯಾರೆಂದು ಮರೆತಿರುವ ಅಮ್ಮ.

ಅಮ್ಮನಿಗೆ ಬಂದ ಅಲ್‌ಝೈಮರ್ ಕಾಯಿಲೆ ಮಿದುಳಿನ ಚಟುವಟಿಕೆಯನ್ನು ಹೇಗೆ ಬದಲಿಸುತ್ತದೆ ಎಂಬುದು ಆ ಹುಡುಗಿಯ ಪಿಎಚ್‌ಡಿ. ಬೈಂದೂರು ಕಡೆಯವಳು. ಬ್ರಹ್ಮಾವರದಲ್ಲಿ ಒಂದು ಕೋಣೆ ಹಿಡಿದು, ಸ್ಕೂಟರಿನಲ್ಲಿ ಯಂತ್ರದ ಪೆಟ್ಟಿಗೆ ಇಟ್ಟುಕೊಂಡು, ಸಾಸ್ತಾನದಿಂದ ವಂಡ್ಸೆಯವರೆಗೆ ಕಾಯಿಲೆಯವರ ಮನೆ ಸುತ್ತುತ್ತಿದ್ದಳು. ತಂತಿ ಪೋಣಿಸಿದ ಒಂದು ಟೊಪ್ಪಿ. ಅದನ್ನು ತಲೆಗೆ ಹಾಕಿ ಕಣ್ಣು ಮುಚ್ಚಿಸಿದರೆ ಮಿದುಳಿನ ಅಲೆಗಳು ಲ್ಯಾಪ್‌ಟಾಪಿನಲ್ಲಿ ಗೆರೆಗಳಾಗಿ ಓಡುತ್ತವೆ. ಆದರೆ ನೆತ್ತಿಯಲ್ಲಿ ಎಣ್ಣೆಯಿದ್ದರೆ ಗೆರೆ ಸರಿ ಬರುವುದಿಲ್ಲ. ನಮ್ಮ ಕಡೆಯ ಹೆಂಗಸರ ನೆತ್ತಿಯಲ್ಲಿ ಒಂದು ಜನ್ಮದ ತೆಂಗಿನೆಣ್ಣೆ. ಹೀಗಾಗಿ ಪ್ರತಿ ಮನೆಯಲ್ಲೂ ಅವಳ ಸಂಶೋಧನೆ ಶುರುವಾಗುತ್ತಿದ್ದುದು ಬಚ್ಚಲಿನಲ್ಲಿ, ಬಿಸಿನೀರಿನ ಹಂಡೆಯ ಪಕ್ಕ. ಊರವರಿಗೆ ಅವಳು ‘ತಲಿ ಮೀಸು ಹೆಣ್’.

ಕೆಲಸ ಮುಗಿದ ಮೇಲೆ ತಾನೇ ಮತ್ತೆ ಎಣ್ಣೆ ಹಚ್ಚಿ, ಬಾಚಿ, ಜಡೆ ಹೆಣೆಯುತ್ತಿದ್ದಳು. “ಅದೆಲ್ಲ ನಿಮ್ಗ್ ಎಂತಕ್ಕೆ?” ಎಂದರೆ, “ತೆಗ್ದವ್ಳ್ ನಾನಲ್ದಾ? ಹಾಕೂದೂ ನನ್ ಕೆಲ್ಸ್ವೇ” ಎನ್ನುತ್ತಿದ್ದಳು.

ಟೊಪ್ಪಿ ಕಂಡು ಅಮ್ಮ ಹೆದರಿ ಗೋಡೆಗೆ ಸರಿದಳು. “ಹ್ವಾಯ್ ಅಣ್ಣಯ್ಯ, ಮೊದ್ಲ್ ನಿಮ್ ತಲಿ ಕೊಡಿ, ಅಮ್ಮ ಕಾಣ್ಲಿ” ಎಂದು ಹುಡುಗಿ ನನ್ನನ್ನು ಕೂರಿಸಿದಳು. ಪರದೆಯ ತುಂಬ ಕೋಳಿ ಕೆದರಿದಂಥ ಗೆರೆಗಳು.

“ಎಂತ ಹೆಣೆ, ನಂಗೂ ಶುರುವಾಯ್ತಾ?”

“ಇದ್ ಮಿದುಳಲ್ಲ ಅಣ್ಣಯ್ಯ, ನಿಮ್ ಹಣಿ ಗಂಟ್. ಹುಬ್ಬ್ ಬಿಗಿ ಹಿಡ್ದ್ರೆ ಮಿಷನಿಗ್ ಬೇರೆಂತದೂ ಕಾಂಬುದಿಲ್ಲೆ. ಸಡ್ಲ ಬಿಡಿ.”

“ಬಿಟ್ಟೆ.”

“ಇದ್ ಬಿಟ್ಟದ್ದಾ? ಹಾಂಗಾರೆ ಬಿಗಿ ಹಿಡ್ದ್ರೆ ಹ್ಯಾಂಗಿರತ್ತ್?”

ಅಮ್ಮ ಹತ್ತಿರ ಬಂದು, ಯಕ್ಷಗಾನದ ವೇಷ ನೋಡುವಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇವ್ರ್ ಯಾವ ಮೇಳದವ್ರ್? ಕಿರೀಟ ಸಮಾ ಕಟ್ಟಲಿಲ್ಲೆ” ಎಂದಳು. ಹುಡುಗಿ ನಕ್ಕಳು, ಅಮ್ಮನೂ ನಕ್ಕಳು. ನಕ್ಕ ಮೇಲೆ ತಾನಾಗಿ ತಲೆ ಬಗ್ಗಿಸಿದಳು.

ಆಗ ನನಗೊಂದು ಅಭ್ಯಾಸವಿತ್ತು. ಸಂಜೆ ಮನೆಗೆ ಬಂದವನೇ ಬ್ಯಾಗು ಕೆಳಗಿಡುವ ಮೊದಲು, “ಅಮ್ಮ, ನಾನ್ ಯಾರ್ ಹೇಳ್ ಕಾಂಬ?” ಎಂದು ಕೇಳುವುದು. ಅಮ್ಮ ಸೆರಗಿನ ತುದಿ ಸುತ್ತುತ್ತ, ಬಸ್ಸಿನ ಕಂಡಕ್ಟರ್ ಎಂದೋ, ಕರೆಂಟ್ ಬಿಲ್ಲಿನವರು ಎಂದೋ ಅಳುಕುತ್ತ ಹೇಳುವುದು. ಒಂದು ದಿನ ತಂತಿ ಸುತ್ತಿಡುತ್ತಿದ್ದ ಹುಡುಗಿ ಇದನ್ನು ಕಂಡಳು. ನನ್ನನ್ನು ಜಗಲಿಗೆ ಕರೆದಳು.

“ಪರೀಕ್ಷೆ ಮಾಡೂದ್ ನನ್ ಕೆಲ್ಸ ಅಣ್ಣಯ್ಯ. ನನ್ ಪರೀಕ್ಷೆಯಗೆ ಯಾರೂ ಫೇಲ್ ಆತಿಲ್ಲೆ. ನಿಮ್ದ್ರಗೆ ಅವ್ರ್ ದಿನಾ ಫೇಲ್ ಆತ್ರ್.”

“ಹಾಂಗಾರೆ ನಾನ್ ಎಂತ ಕೇಳೂದ್?”

“ಕೇಳ್ಬೇಡಿ. ಯಾರ್ ಬಂದದ್ದ್ ಅಂತ ನೀವೇ ಹೇಳಿ.”

ಒಂದು ವಾರ ಬಿಟ್ಟೆ. ಮತ್ತೆ ಶುರು ಮಾಡಿದೆ.

ಅವಳು ಮಾತ್ರ ಹೇಳಿದಂತೆಯೇ ನಡೆಯುತ್ತಿದ್ದಳು. ಪ್ರತಿ ಸಲ ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ತನ್ನ ಹೆಸರು, ಊರು, ಬಂದ ಕೆಲಸ ಎಲ್ಲವನ್ನೂ ಮೊದಲಿಂದ ಹೇಳುವಳು. ಎಲ್ಲ ಮನೆಗಳಲ್ಲೂ ಹಾಗೆಯೇ ಅಂತೆ. ಅಷ್ಟೊಂದು ತಲೆಗಳನ್ನು ಮುಟ್ಟಿದವಳು, ಒಂದರಲ್ಲೂ ಅವಳಿಲ್ಲ. ಚಾ ಕೊಡುತ್ತ ಒಮ್ಮೆ, “ಬೇಜಾರ್ ಆತಿಲ್ಯಾ?” ಎಂದು ಕೇಳಿದೆ. “ಆತ್ತ್. ಹಬ್ಬದ್ ದಿನ ರೂಮಿನ್ ಬೀಗ ತೆಗುವ ಹೊತ್ತಿಗೆ” ಎಂದು ಲೋಟ ಬರಿದು ಮಾಡಿ ಎದ್ದಳು. ಅವಳು ತನ್ನ ಬಗ್ಗೆ ಹೇಳಿದ್ದು ಅಷ್ಟೇ.

ಕೊನೆಯ ಸಲ ಅವಳು ಯಂತ್ರವಿಲ್ಲದೆ ಬಂದಳು. ಇನ್ನು ಪ್ರಬಂಧ ಬರೆಯಲು ಕೂರಬೇಕು, ಹೇಳಿ ಹೋಗೋಣವೆಂದು ಬಂದೆ ಎಂದಳು. ಅಷ್ಟು ದಿನ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಬಾಯಲ್ಲಿ ಹೇಳಲು ಬಾರದಿದ್ದರೂ ಅಮ್ಮನಿಗೆ ಒಳಗೆಲ್ಲೋ ನಾನು ಗೊತ್ತಿದ್ದೇನೆಯೇ? ಡಾಕ್ಟರು ಹೌದೆಂದಿದ್ದರು. ಮುಂಬಯಿಯ ಚಿಕ್ಕಮ್ಮ ಫೋನಿನಲ್ಲೇ ಹೌದೆಂದಿದ್ದರು. ಇವಳು ಮಾತ್ರ ಆ ತಲೆಯ ಗೆರೆಗಳನ್ನು ಕಂಡವಳು.

ಅವಳು ಒಮ್ಮೆ ಅಮ್ಮನನ್ನು ನೋಡಿ ನನ್ನತ್ತ ತಿರುಗಿದಳು.

“ಗೊತ್ತಿಲ್ಲೆ ಅಣ್ಣಯ್ಯ. ಅಲೆ ನಿಧಾನ ಆದ್ದ್ ಕಾಣತ್ತ್. ಅದ್ರೊಳ್ಗೆ ನೀವ್ ಇದ್ರ್ಯಾ ಇಲ್ಯಾ, ಅದ್ ಕಾಂಬುದಿಲ್ಲೆ. ಇದ್ರಿ ಅಂತ ಹೇಳೂಕೆ ನಂಗೂ ಆಸೆ ಇತ್ತ್. ಆರೆ ಹೇಳೂಕಾತಿಲ್ಲೆ.”

ಅವತ್ತು ಸಿಟ್ಟು ಬಂತು. ಇಷ್ಟು ಓದಿದವಳಿಗೆ ಒಂದು ಸುಳ್ಳು ಹೇಳಲು ಬಾರದೇ ಎಂದುಕೊಂಡೆ. ನಿಧಾನವಾಗಿ ತಿಳಿಯಿತು: ಉಳಿದವರ ‘ಹೌದು’ಗಳನ್ನು ಖಾತ್ರಿ ಮಾಡಿಕೊಳ್ಳಲೆಂದೇ ನಾನು ಅಮ್ಮನಿಗೆ ದಿನಾ ಪರೀಕ್ಷೆ ಇಡುತ್ತಿದ್ದದ್ದು. ‘ಗೊತ್ತಿಲ್ಲೆ’ ಎಂಬುದಕ್ಕೆ ಖಾತ್ರಿ ಬೇಕಾಗಲಿಲ್ಲ. ಈಗ ಅವಳು ಎಲ್ಲೋ ದೂರದ ಊರಿನಲ್ಲಿ ಡಾಕ್ಟರೇಟ್ ಮುಗಿಸಿ ಕೆಲಸದಲ್ಲಿದ್ದಾಳೆ. ಆ ಒಂದು ಮಾತಿನ ಋಣ ನನ್ನ ಮೇಲಿದೆ ಎಂದು ಅವಳಿಗೆ ತಿಳಿಸಿಲ್ಲ. ಫೋನು ಮಾಡಿದರೆ ತೊಂದರೆಯಾದೀತೇನೋ ಎಂಬ ಚಿಂತೆ.

ನಿನ್ನೆ ಸಂಜೆ ಬಂದು, ಬ್ಯಾಗು ಕೆಳಗಿಟ್ಟು, “ಅಮ್ಮ, ನಾನ್ ನಿನ್ ಮಗ, ಬಂದೆ” ಎಂದೆ.

ಅಮ್ಮ ಮುಖವೆತ್ತಿ ಬಾಗಿಲಾಚೆಯ ಕತ್ತಲನ್ನೂ ನನ್ನನ್ನೂ ನೋಡಿದಳು. “ಕಪ್ಪಾಯ್ತಲೆ ಮಗಾ. ನಿನ್ನ ಹೆತ್ತ ಅಬ್ಬಿ ಮನಿಯಗೆ ಕಾಯ್ತಿಲ್ಯಾ?”

“ಇಲ್ಲೆ. ನಾನ್ ಇಲ್ಲಿಪ್ಪುದ್ ಅವ್ಳಿಗ್ ಗೊತ್ತಿತ್ತ್.”

“ಹಾಂಗಾರೆ ಕೂಕೋ” ಎಂದು ಅಮ್ಮ ಚಾಪೆಯಲ್ಲಿ ಚೂರು ಸರಿದು ಜಾಗ ಮಾಡಿದಳು.