ನಕ್ಷೆಯಲ್ಲಿ ಇಲ್ಲದ ಗುಂಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಭೂತ ನಂಬುವವಳಲ್ಲ. ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಿ ಅವ್ವನ ಕೈಲಿ ಬೈಸಿಕೊಂಡೇ ಬೆಳೆದವಳು. ಆದರೂ ಇದು ನಡೆದದ್ದು. ಯಾರದೋ ಗೆಳತಿಯ ನಾದಿನಿಗೆ ಆದದ್ದಲ್ಲ, ನನಗೇ ಆದದ್ದು. ನಿಮ್ಮನ್ನು ನಂಬಿಸಬೇಕೆಂಬ ಹಟ ನನಗಿಲ್ಲ. ಬರೆದರೆ ಎದೆ ಸ್ವಲ್ಪ ಹಗುರಾದೀತು ಎಂದು ಬರೆಯುತ್ತಿದ್ದೇನೆ, ಅಷ್ಟೇ.

ಅಪ್ಪ ರೈಲ್ವೆಯಲ್ಲಿದ್ದರು. ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟರು. ನಾನು ಕೆಲಸ ಮಾಡುವುದು ಸೀತಾಬರ್ಡಿಯ ಒಂದು ಸಣ್ಣ ಕಚೇರಿಯಲ್ಲಿ. ಊರಿನ ನೆಲದ ಕೆಳಗೆ ಏನೇನು ಹೂತಿದೆ, ನೀರಿನ ಪೈಪು, ಕರೆಂಟಿನ ಕೇಬಲ್ಲು, ಚರಂಡಿ, ಎಲ್ಲವನ್ನೂ ಕಂಪ್ಯೂಟರಿನ ನಕ್ಷೆಯಲ್ಲಿ ಗೆರೆ ಎಳೆದು ಇಟ್ಟಿದ್ದೇವೆ. ಒಂದೊಂದು ಗೆರೆಗೂ ಒಂದೊಂದು ಲಿಂಕ್. ಗೆರೆಯ ಮೇಲೆ ಮೌಸ್ ತಂದರೆ ಬಾಣದ ಗುರುತು ಪುಟ್ಟ ಕೈಯಾಗುತ್ತದೆ. ಒತ್ತಿದರೆ ಆ ಜಾಗದ ಹಳೆಯ ಡ್ರಾಯಿಂಗೋ ಫೋಟೋವೋ ತೆರೆದುಕೊಳ್ಳುತ್ತದೆ. ಅದನ್ನು ನೋಡಿ, ಎಷ್ಟು ಆಳದಲ್ಲಿ ಏನಿದೆ ಎಂದು ಅಗೆಯುವವರಿಗೆ ಫೋನಿನಲ್ಲಿ ಹೇಳಬೇಕು.

ನಾವು ತಪ್ಪು ಹೇಳಿದರೆ ಹಾರೆ ನೇರವಾಗಿ ಕರೆಂಟಿಗೆ ಬೀಳುತ್ತದೆ. ಹಾಗಾಗಿ ನನ್ನ ಬಾಯಿ ಎಷ್ಟೇ ಜೋರಿದ್ದರೂ ಆ ಒಂದು ವಿಷಯದಲ್ಲಿ ನಾನು ಹುಡುಗಾಟ ಆಡುವುದಿಲ್ಲ.

ಇತವಾರಿ ಪೇಟೆಯಲ್ಲಿ ಹಗಲು ಹೊತ್ತು ಅಗೆಯಲು ಸಾಧ್ಯವೇ ಇಲ್ಲ. ಕೈಗಾಡಿ, ಟೆಂಪೊ, ಕಾಳಿನ ಚೀಲ ಹೊತ್ತ ಹಮಾಲರು... ಕಾಲಿಡಲು ಜಾಗವಿರುವುದಿಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆಯೇ ಕೆಲಸ. ಗಲ್ಲಿ ಇಕ್ಕಟ್ಟು, ಯಂತ್ರ ನುಗ್ಗುವುದಿಲ್ಲ. ಕೈಯಿಂದಲೇ ಅಗೆಯಬೇಕು. ಅದಕ್ಕಾಗಿ ಬಂದಿದ್ದವರು ಭೀಮಣ್ಣ ಕಾಕಾನ ಗ್ಯಾಂಗಿನವರು. ವಿಜಾಪುರ ಜಿಲ್ಲೆಯ ಇಂಡಿ ಕಡೆಯವರು. ಐದೇ ಜನ. ಕಾಕಾ, ಅವರ ಮಗಳು ಯಲ್ಲವ್ವ, ಅಳಿಯ ಶರಣು, ಮತ್ತೆ ಅದೇ ಊರಿನ ಅಣ್ಣತಮ್ಮಂದಿರಿಬ್ಬರು.

ಕಾಕಾನನ್ನು ನಾನು ಕಂಡಿರಲಿಲ್ಲ. ಗ್ಯಾಂಗಿನ ಯಾರನ್ನೂ ಕಂಡಿರಲಿಲ್ಲ. ಬರೀ ಫೋನಿನ ಪರಿಚಯ. ಮರಾಠಿಯಲ್ಲಿ ಮಾತಾಡುತ್ತಿದ್ದ ನಾನು ಒಮ್ಮೆ ಅಪ್ಪಿತಪ್ಪಿ "ಅಯ್ಯ ಶಿವನ" ಎಂದದ್ದು ಕೇಳಿ ಅವರು ಆ ಕಡೆಯಿಂದ ಹಿಗ್ಗಿಬಿಟ್ಟಿದ್ದರು. "ನಮ್ಮ ಮಂದಿ ಅದೀರಲ್ರಿ ಅಕ್ಕಾರ!" ಅಂದಿನಿಂದ ಕೆಲಸದ ಮಾತು ಮುಗಿದರೂ ಊಟ ಆಯ್ತೇ ಎಂದು ಕೇಳದೆ ಫೋನ್ ಇಡುತ್ತಿರಲಿಲ್ಲ.

ಆ ದಿನ ಸಂಜೆ ಕಚೇರಿಯಲ್ಲಿ ಫೈಲುಗಳಿದ್ದ ಹಳೆಯ ಕಂಪ್ಯೂಟರ್ ತೆಗೆದು ಹೊಸದು ಕೂರಿಸಿದರು. ಕೂರಿಸಿದವರು ಆರಾಮಾಗಿ ಮನೆಗೆ ಹೋದರು. ರಾತ್ರಿ ಪಾಳಿಗೆ ಬಂದ ನಾನು ನಕ್ಷೆ ತೆರೆದು ಒಂದು ಗೆರೆ ಒತ್ತಿದೆ. ಫೈಲ್ ಸಿಗುತ್ತಿಲ್ಲ. ಇನ್ನೊಂದು ಒತ್ತಿದೆ. ಸಿಗುತ್ತಿಲ್ಲ. ಊರಿನ ಒಂದು ಲಿಂಕೂ ತೆರೆಯುತ್ತಿಲ್ಲ.

ಕಾರಣ ಗೊತ್ತಾಗಲು ತಡವಾಗಲಿಲ್ಲ. ಲಿಂಕುಗಳೆಲ್ಲ ಇನ್ನೂ ಹಳೆಯ ಕಂಪ್ಯೂಟರಿನ ವಿಳಾಸವನ್ನೇ ಹಿಡಿದು ಕೂತಿದ್ದವು. ಆ ಹಳೆಯದೋ, ವೈರು ಕಿತ್ತು ನನ್ನ ಮೇಜಿನ ಕೆಳಗೇ ಇಟ್ಟಿದ್ದರು. ಬಾಡಿಗೆದಾರ ಮನೆ ಬದಲಿಸಿದ ಮೇಲೂ ಹಳೆಯ ಮನೆಗೇ ಕಾಗದ ಹಾಕುತ್ತಿದ್ದರೆ ಉತ್ತರ ಎಲ್ಲಿಂದ ಬರಬೇಕು?

ಪಕ್ಕದ ಮೇಜಿನ ಪ್ರಶಾಂತ, ನಮ್ಮ ಪಾಳಿಯ ಇನ್ನೊಬ್ಬ, ತಲೆ ಮೇಜಿಗೆ ಆನಿಸಿ ಆಗಲೇ ನಿದ್ದೆ ಹೋಗಿದ್ದ. ಅವನು ಎಚ್ಚರವಿದ್ದರೂ ಅಷ್ಟೇ, ನಿದ್ದೆಯಲ್ಲಿದ್ದರೂ ಅಷ್ಟೇ. ಬೈದುಕೊಳ್ಳುತ್ತಾ ನಾನೇ ವಿಳಾಸಗಳನ್ನೆಲ್ಲ ಬದಲಿಸಲು ಕೂತೆ.

ಫೋನ್ ಬಂತು.

"ಅಕ್ಕಾರ, ನಡಮಟ್ಟ ಅಗದೀವ್ರಿ. ಇನ್ನ ತೆಳಗ ಹೋಗೂಣೇನ್ರಿ?"

ಹಿಂದಿನಿಂದ ಹಾರೆಯ ಸದ್ದು. ಠಣ್... ಠಣ್...

"ತಡೀರಿ ಕಾಕಾ, ನಕ್ಷಾ ಕೆಟ್ಟೈತಿ. ಸರಿ ಮಾಡಾಕ ಹತ್ತೀನಿ. ಮೆಲ್ಲಕ ಅಗೀರಿ."

"ಬರೋಬರ್ ನೋಡಿ ಹೇಳ್ರಿ. ನಮಗೇನೂ ಅವಸರ ಇಲ್ಲ." ಫೋನ್ ಇಟ್ಟರು.

ಒಂದೊಂದಾಗಿ ಲಿಂಕುಗಳು ಜೀವ ಪಡೆದವು. ಅವರು ಅಗೆಯುತ್ತಿದ್ದ ಗಲ್ಲಿಯನ್ನು ದೊಡ್ಡದು ಮಾಡಿ, ಅಲ್ಲಿನ ಗೆರೆಗಳನ್ನು ಪರೀಕ್ಷಿಸಿದೆ. ನೀರಿನ ಪೈಪು ತೆರೆಯಿತು. ಕೇಬಲ್ಲು ತೆರೆಯಿತು, ಅದು ರಸ್ತೆಯ ಆ ಬದಿಗಿದೆ. ಕಾಕಾ ಅಗೆಯುತ್ತಿದ್ದ ಜಾಗ ಖಾಲಿ. ಗೆರೆ ಇಲ್ಲ, ಚುಕ್ಕೆ ಇಲ್ಲ. ಬರೀ ಬಿಳಿ.

ಸಮಾಧಾನವಾಯಿತು. ಹೇಳಿಬಿಡೋಣವೆಂದು ಫೋನಿಗೆ ಕೈ ಚಾಚಿದೆ. ಮೌಸ್ ಆ ಬಿಳಿ ಜಾಗದ ಮೇಲೆ ಸರಿಯಿತು.

ಬಾಣ... ಕೈಯಾಯಿತು.

ಇದರಲ್ಲಿ ಹೆದರುವಂಥದ್ದೇನು ಎನ್ನುತ್ತೀರಿ. ಈ ಕೆಲಸ ಮಾಡಿದವರನ್ನು ಕೇಳಿ. ಗೆರೆ ಇದ್ದರೆ ಲಿಂಕ್, ಲಿಂಕ್ ಇದ್ದರೆ ಕೈ. ಏನೂ ಇಲ್ಲದ ಕಡೆ ಕೈ ಮೂಡುವುದಿಲ್ಲ. ಮೌಸ್ ಪಕ್ಕಕ್ಕೆ ಸರಿಸಿದೆ, ಬಾಣ. ವಾಪಸ್ ತಂದೆ, ಕೈ. ನಕ್ಷೆ ಮುಚ್ಚಿ ತೆರೆದೆ. ನೀರಿಗೊಂದು, ಕೇಬಲ್ಲಿಗೊಂದು ಎಂದು ನಕ್ಷೆಗೆ ಇರುವ ಪದರಗಳಲ್ಲಿ ಅಡಗಿಸಿಟ್ಟದ್ದೇನಾದರೂ ಇದೆಯೇ ಎಂದು ಒಂದೊಂದನ್ನೇ ತೆರೆದು ನೋಡಿದೆ. ಕೊನೆಗೆ ಎಲ್ಲ ಪದರಗಳನ್ನೂ ಆರಿಸಿಬಿಟ್ಟೆ. ಪರದೆ ಪೂರ್ತಿ ಬಿಳಿ. ಅದರ ನಡುವೆ ಅದೇ ಜಾಗದಲ್ಲಿ ಆ ಪುಟ್ಟ ಕೈ, ಬೆರಳು ಎತ್ತಿಕೊಂಡು ನಿಂತಿತ್ತು.

ಪಕ್ಕದಲ್ಲಿ ವಿಳಾಸ ಮೂಡಿತು. ಹಳೆಯ ಕಂಪ್ಯೂಟರಿನ ವಿಳಾಸ. ನನ್ನ ಕಾಲಿನ ಬಳಿ ವೈರು ಕಿತ್ತು ಸತ್ತು ಬಿದ್ದಿದ್ದ ಅದೇ ಕಂಪ್ಯೂಟರಿನದು.

ತೆರೆಯುವುದಿಲ್ಲ ಎಂದು ಗೊತ್ತಿದ್ದೇ ಒತ್ತಿದೆ. ತೆರೆಯಿತು.

ಮೊದಲು ಬಂದದ್ದು ವಾಸನೆ. ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಸಿ ಮಣ್ಣಿನ ವಾಸನೆ. ಮಳೆಯ ಮಣ್ಣಿನದಲ್ಲ... ಬಿಸಿಲನ್ನೇ ಕಾಣದ, ಆಳದ ಮಣ್ಣಿನದು.

ಆಮೇಲೆ ಫೋಟೋ. ಸುತ್ತಲೂ ಕತ್ತಲೆ, ಅದರಲ್ಲಿ ಗುದ್ದಲಿಯ ಗೀರುಗಳಿದ್ದ ಮಣ್ಣಿನ ಗೋಡೆ. ಮೇಲೆ ಬಹಳ ಎತ್ತರದಲ್ಲಿ ಒಂದು ಚೌಕ ಬೆಳಕು. ಆ ಚೌಕದ ಅಂಚಿನಿಂದ ನಾಲ್ಕು ಮುಖಗಳು ಬಗ್ಗಿ ಕೆಳಗೆ ನೋಡುತ್ತಿದ್ದವು. ತಲೆಗೆ ಬಿಳಿ ಟವೆಲ್ ಸುತ್ತಿದ ಒಬ್ಬ ಹಿರಿಯ. ಗಿರಿಜಾ ಮೀಸೆಯ ಒಬ್ಬ ಗಂಡಸು, ತೋಳನ್ನು ಕೆಳಕ್ಕೆ ಚಾಚಿದ್ದ. ಇನ್ನೊಬ್ಬ ಬಾಯಿ ತೆರೆದು ಕೂಗುತ್ತಿದ್ದ. ಸೆರಗನ್ನು ಬಾಯಿಗೆ ತುರುಕಿಕೊಂಡ ಒಬ್ಬ ಹೆಂಗಸು.

ಗುಂಡಿಯ ಫೋಟೋಗಳನ್ನು ಸಾವಿರ ನೋಡಿದ್ದೇನೆ. ಎಲ್ಲವನ್ನೂ ಮೇಲೆ ನಿಂತೇ ತೆಗೆದಿರುತ್ತಾರೆ. ಇದನ್ನು ತೆಗೆದದ್ದು ಕೆಳಗಿನಿಂದ. ತಳದಲ್ಲಿ ಅಂಗಾತ ಬಿದ್ದವರಿಗೆ ಮಾತ್ರ ಹೀಗೆ ಕಾಣುತ್ತದೆ.

ಗಂಡಸರು ಮೂವರು, ಹೆಂಗಸೊಬ್ಬಳು. ಗ್ಯಾಂಗಿನಲ್ಲಿ ಇರುವವರು ಐವರು. ಫೋನ್ ಹಚ್ಚಿದೆ.

"ಕಾಕಾ, ಗುಂಡ್ಯಾಗ ಈಗ ಯಾರದಾರ?"

"ಅಳಿಯಾ ಅದಾನ್ರಿ. ಯಾಕ್ರಿ?"

"ಮ್ಯಾಲ ಕರೀರಿ. ಈಗಿಂದೀಗ ಕರೀರಿ!"

ಠಣ್ ಎಂಬ ಸದ್ದು ನಿಂತಿತು. "ಏ ಶರಣೂ, ಹಾರಿ ಬಿಡೊ! ಮ್ಯಾಲ ಬಾ!" ಎಂಬ ಕೂಗು. ಮಣ್ಣು ಜರಿಯುವ ಸದ್ದು.

"ಬಂದಾನ್ರಿ ಅಕ್ಕಾರ. ಏನೈತ್ರಿ ತೆಳಗ?"

"ಏನೋ ಐತಿ ಕಾಕಾ. ಬೆಳಗಾಗುತನ ಯಾರೂ ಇಳೀಬ್ಯಾಡ್ರಿ" ಎಂದೆ.

"ಹೂನ್ರಿ" ಎಂದರು.

ಪ್ರಶಾಂತನನ್ನು ಅಲುಗಿಸಿ ಎಬ್ಬಿಸಿದೆ. ಕಣ್ಣು ತಿಕ್ಕಿಕೊಂಡು ನನ್ನ ಪರದೆಯ ಮುಂದೆ ಬಂದ. ಫೋಟೋ ಇರಲಿಲ್ಲ. ಬಿಳಿ ಜಾಗದ ಮೇಲೆ ಮೌಸ್ ಎಷ್ಟು ಓಡಾಡಿಸಿದರೂ ಬಾಣ ಬಾಣವಾಗಿಯೇ ಉಳಿಯಿತು. ಅವನು ನನ್ನ ಮುಖ ನೋಡಿದ. ನಗುವುದೋ ಬೇಡವೋ ತಿಳಿಯದೆ ನಿಂತವನು ಮೂಗು ಅರಳಿಸಿದ.

"ತಾಈ... ಮಾತೀಚಾ ವಾಸ ಕುಠೂನ್ ಯೇತೋಯ್?"

ಮಣ್ಣಿನ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಅವನೇ ಕೇಳಿದ. ನಾನು ಆ ವಾಸನೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಅವನು ಆ ರಾತ್ರಿ ಮತ್ತೆ ನಿದ್ದೆ ಮಾಡಲಿಲ್ಲ. ಇಬ್ಬರೂ ಎಲ್ಲ ದೀಪ ಹಾಕಿಕೊಂಡು ಕೂತೆವು.

ಬೆಳ್ಳಂಬೆಳಿಗ್ಗೆ, ಅಂಗಡಿಗಳು ತೆರೆಯುವ ಮೊದಲೇ, ನಮ್ಮ ಎಂಜಿನಿಯರು ಕೇಬಲ್ ಹುಡುಕುವ ಯಂತ್ರ ಹಿಡಿದು ಇತವಾರಿಗೆ ಹೋದರು. ಯಂತ್ರ ಕುಂಯ್ ಅನ್ನಲಿಲ್ಲ. ಅವರು ಮತ್ತೂ ಒಂದಾಳು ಆಳ ಅಗೆಸಿದರು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ ಇಲಿಯೂ ಸಿಗಲಿಲ್ಲ. ಗಟ್ಟಿ ಮಣ್ಣು, ಅಷ್ಟೇ. ಒಂದು ರಾತ್ರಿಯ ಕೆಲಸ ಹಾಳು ಮಾಡಿದ್ದಕ್ಕೆ ಅವರು ಫೋನಿನಲ್ಲಿ ನನಗೆ ಅಂದದ್ದನ್ನು ಇಲ್ಲಿ ಬರೆಯುವುದು ಬೇಡ. ನನಗೆ ಅವಮಾನಕ್ಕಿಂತ ಹೆಚ್ಚಾಗಿ ಸಮಾಧಾನವೇ ಆಯಿತು. ಕಣ್ಣಿನ ಭ್ರಮೆ, ರಾತ್ರಿ ಪಾಳಿಯ ಕಾಟ ಎಂದುಕೊಂಡು ಮನೆಗೆ ಹೊರಡಲು ಚೀಲ ಎತ್ತಿಕೊಂಡೆ.

ಆಗ ಬಾಗಿಲಲ್ಲಿ ಮೂವರು ಬಂದು ನಿಂತರು. ಚಪ್ಪಲಿ ಹೊರಗೇ ಬಿಟ್ಟಿದ್ದರು. ಬಟ್ಟೆ ತುಂಬ ಮಣ್ಣು.

ಮುಂದಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡಳು. "ನಾ ಯಲ್ಲವ್ವರಿ. ನನ್ನ ಗಂಡನ್ನ ಮ್ಯಾಲ ಕರಸಿದ್ರೆಲ್ಲ, ನಿಮ್ಮ ಹೊಟ್ಟಿ ತಣ್ಣಗಿರ್ಲಿ."

ಫೋಟೋದಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದ ಮುಖ. ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆನ್ನಿಸಿತು.

ಅವಳ ಹಿಂದೆ ನಿಂತಿದ್ದವನಿಗೆ ಗಿರಿಜಾ ಮೀಸೆ. ತೋಳು ಚಾಚಿದ್ದವನು. "ಇವ ಶರಣು, ನಮ್ಮಳಿಯಾ" ಎಂದಿತು ನನಗೆ ಚೆನ್ನಾಗಿ ಪರಿಚಯವಿದ್ದ ದನಿ.

ಶರಣು ಮೇಲೆ ಇದ್ದ. ಫೋಟೋದಲ್ಲಿ ಶರಣು ಮೇಲೆಯೇ ಇದ್ದ...

ದನಿ ಬಂದ ಕಡೆ ತಿರುಗಿದೆ. ಸಿಡುಬಿನ ಕಲೆಗಳ ಉದ್ದ ಮುಖ, ನರೆತ ಕುರುಚಲು ಗಡ್ಡ, ಒಂದು ಕಣ್ಣಿನಲ್ಲಿ ಪೊರೆ. ನಗುತ್ತಿದ್ದರು. ಬಿಳಿ ಟವೆಲಿನ ಹಿರಿಯನೇ ಭೀಮಣ್ಣ ಕಾಕಾ ಎಂದು ರಾತ್ರಿಯೆಲ್ಲಾ ಅಂದುಕೊಂಡಿದ್ದೆ. ಅಲ್ಲ. ಈ ಮುಖವನ್ನು ನಾನು ನೋಡುತ್ತಿದ್ದುದು ಅದೇ ಮೊದಲು.

ಕುರ್ಚಿಗೆ ಕುಸಿದೆ. ಯಲ್ಲವ್ವ ನೀರು ತರಲು ಓಡಿದಳು. ಕಾಕಾ ಅಳಿಯನನ್ನೂ ಅವಳ ಹಿಂದೆ ಕಳಿಸಿ, ನನ್ನ ಮುಂದೆ ನೆಲದ ಮೇಲೆ ಕೂತರು.

"ತೆಳಗ ಏನೂ ಇರ್ಲಿಲ್ಲಂತ ಸಾಹೇಬ್ರು ನಕ್ಕರು. ನಾ ನಗಂಗಿಲ್ರಿ. ನೀವು ಸುಳ್ಳ ಕರಿಯಾವ್ರಲ್ಲ. ಏನ್ ಕಂಡ್ರಿ, ಹೇಳ್ರಿ."

ಹೇಳಬಾರದಿತ್ತೇನೋ. ಆದರೆ ಆ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲ ಹೇಳಿದೆ. ಕೈ, ವಾಸನೆ, ಗೋಡೆಯ ಗೀರು, ನಾಲ್ಕು ಮುಖ. ನೀವು ಅದರಲ್ಲಿ ಇರಲಿಲ್ಲ ಕಾಕಾ ಎಂದೂ ಹೇಳಿದೆ.

ಅವರು ನೆಲದ ಮೇಲೆ ಬಿದ್ದ ತಮ್ಮ ಬಟ್ಟೆಯ ಮಣ್ಣನ್ನು ಅಂಗೈಯಿಂದ ಒಂದೆಡೆ ಗುಡಿಸಿದರು.

"ಯಲ್ಲವ್ವ ಇದ್ಲೇನ್ರಿ?"

"ಇದ್ಲು."

"ಅಳಿಯಾ?"

"ಇದ್ದ."

"ಆ ಅಣ್ಣತಮ್ಮರಿಬ್ರೂ? ದೊಡ್ಡಾಂವ ತೆಲಿಗೆ ಬಿಳಿ ಟಾವೆಲ್ ಸುತ್ತಿರ್ತಾನ."

"ಇದ್ರು ಕಾಕಾ."

"ನಾಕೂ ಮಂದಿ ಮ್ಯಾಲ ಅದಾರ." ದೀರ್ಘವಾಗಿ ಉಸಿರು ಬಿಟ್ಟರು. "ಹಂಗಾದ್ರ ಚಲೋ ಆತು ಬಿಡ್ರಿ."

ನನಗೆ ಸಿಟ್ಟು ಬಂತು. ನಿಜವಾಗಿಯೂ ಕೂಗಾಡಿದೆ. ಚಲೋ ಹೆಂಗಾತು, ಇನ್ನು ಮೇಲೆ ಗುಂಡಿಗೆ ಇಳಿಯಬೇಡಿರಿ, ಎಂಜಿನಿಯರಿಗೆ ಹೇಳಿ ಕಾವಲಿನ ಕೆಲಸ ಕೊಡಿಸುತ್ತೇನೆ ಎಂದೆ. ಅವರು ಮಗುವನ್ನು ಸಮಾಧಾನ ಮಾಡುವವರಂತೆ ನಕ್ಕರು.

"ನಾ ಇಳೀಲಿಲ್ಲಂದ್ರ ಯಾರರೆ ಇಳೀಬೇಕಲ್ರಿ ಅಕ್ಕಾರ? ಯಲ್ಲವ್ವನ ಮುಂದ ಇದನ್ನ ಎತ್ತಬ್ಯಾಡ್ರಿ."

ಅಂದಿನಿಂದ ಕಾಕಾ ಒಂದು ನಿಯಮ ಮಾಡಿಕೊಂಡಿದ್ದಾರೆ. ಗುಂಡಿ ಎಲ್ಲೇ ಇರಲಿ, ತಾವೇ ಇಳಿಯುತ್ತಾರೆ. ಉಳಿದವರನ್ನು ಬಿಡುವುದಿಲ್ಲ. ಮುದುಕನಿಗೆ ಹಟ ಹಿಡಿದಿದೆ ಎಂದು ಶರಣು ಫೋನಿನಲ್ಲಿ ಗೊಣಗುತ್ತಾನೆ. ನಾನು ಪಾಳಿ ಬದಲಿಸಿ ಕೊಡಿ ಎಂದು ಎರಡು ಸಲ ಕೇಳಿದೆ, ಕೊಡಲಿಲ್ಲ. ಕೊಟ್ಟಿದ್ದರೂ ಬಹುಶಃ ಹೋಗುತ್ತಿರಲಿಲ್ಲ. ಇನ್ನೊಬ್ಬರ ಮೌಸಿನ ಕೆಳಗೆ ಆ ಕೈ ಮೂಡಿದರೆ ಅವರು ಅದನ್ನು ಕೆಟ್ಟ ಲಿಂಕ್ ಎಂದುಕೊಂಡು ಸುಮ್ಮನಾಗುತ್ತಾರೆ.

ಈಗ ಕಳಮನಾ ಮಂಡಿಯ ಹಿಂದೆ ದೊಡ್ಡ ಚರಂಡಿಯ ಕೆಲಸ ಶುರುವಾಗಿದೆ. ಗುಂಡಿಗಳು ಎರಡಾಳು ಆಳ, ಫೋಟೋದಲ್ಲಿ ಇದ್ದದ್ದರಷ್ಟೇ. ದಿನಾ ರಾತ್ರಿ ನಾನು ಆ ಬಿಳಿ ಜಾಗದ ಉದ್ದಕ್ಕೂ ಇಂಚಿಂಚೂ ಮೌಸ್ ಆಡಿಸುತ್ತೇನೆ. ಬಾಣ... ಬಾಣ... ಬರೀ ಬಾಣ. ಮಣ್ಣಿನ ವಾಸನೆ ಇದೆಯೇ ಎಂದು ಪ್ರಶಾಂತನನ್ನು ಕೇಳುತ್ತೇನೆ. ಇಲ್ಲ ಎನ್ನುತ್ತಾನೆ. ಅಷ್ಟರಲ್ಲಿ ಫೋನ್ ಬರುತ್ತದೆ.

"ಅಕ್ಕಾರ, ಇಳೀಲೇನ್ರಿ?"

ನಕ್ಷೆಯಲ್ಲಿ ಏನೂ ಇರುವುದಿಲ್ಲ. ಇಳೀರಿ ಕಾಕಾ ಎಂದು ದಿನಾ ನಾನೇ ಹೇಳಬೇಕು.