ಚೆಲುವಮ್ಮ ಹಿಡಿದಿದ್ದ ಕಾಲು

ನಾಗಮಂಗಲದ ಕಡೆಯ ಚೆಲುವಮ್ಮನಿಗೆ ನೀರೆಂದರೆ ಬಾವಿಯ ನೀರು, ಇಲ್ಲವೇ ಶಿವರಾತ್ರಿಯ ಹೊತ್ತಿಗೆ ತಳ ಕಾಣುವ ಊರ ಕೆರೆಯ ನೀರು. ಮದುವೆಯಾಗಿ ಪಾಂಡವಪುರ ತಾಲ್ಲೂಕಿನ ಬೋರೇಕೊಪ್ಪಲಿಗೆ ಬಂದ ದಿನ, ಹಿತ್ತಲಿನಾಚೆ ಕೆ.ಆರ್.ಎಸ್. ಹಿನ್ನೀರು ಆಕಾಶದವರೆಗೂ ಹರಡಿಕೊಂಡಿದ್ದನ್ನು ನೋಡಿ, ಇದಕ್ಕೆ ಬೇಲಿ ಇಲ್ಲವಾ ಎಂದು ಕೇಳಿಬಿಟ್ಟಿದ್ದಳು. ಗಂಡ ತಿಮ್ಮೇಶ ಆ ಮಾತನ್ನು ಡೇರಿಯ ಮುಂದೆ ಹಾಲು ಹಾಕಲು ನಿಂತವರಿಗೆಲ್ಲ ಹೇಳಿ ನಗಿಸಿದ. ಮಗಳು ದೀಪ ಹುಟ್ಟಿದ ಮೇಲೂ ಊರಿನ ಹೆಂಗಸರು ಅವಳನ್ನು ಕಂಡಾಗ, "ಏನ್ ಚೆಲುವಿ, ಬೇಲಿ ಆಕ್ಸುದ್ಯಾ?" ಎಂದು ಕೆಣಕುವುದು ಬಿಟ್ಟಿರಲಿಲ್ಲ.

ತಿಮ್ಮೇಶ ಬೇಸಾಯದವನು. ಅಣ್ಣ ಹೊನ್ನಪ್ಪನ ಜೊತೆ ಭತ್ತ, ಕಬ್ಬು ನೋಡಿಕೊಂಡಿದ್ದ. ಎರಡು ಹಸುಗಳಿದ್ದವು. ಆದರೆ ಅವನ ಜೀವವೆಲ್ಲ ಗಾಳದ ಮೇಲೆ. ಸಂಜೆ ಹಾಲು ಹಾಕಿ ಬಂದವನೇ ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಬೆಲ್ಲ ಸೇರಿಸಿ ನಾದಿ, ಗೋಲಿಯಷ್ಟು ದಪ್ಪದ ಉಂಡೆ ಕಟ್ಟುತ್ತಿದ್ದ. ಮನುಷ್ಯರ ಮುದ್ದೆ ಹಿಟ್ಟು ಮೀನಿಗೆ ಹಾಕುವ ಮನೆ ಉದ್ಧಾರವಾದ ಹಾಗೆ ಎಂದು ಚೆಲುವಮ್ಮ ಗೊಣಗುವಳು. ಆಮೇಲೆ ಅವಳೇ ಬೆಲ್ಲ ಪುಡಿ ಮಾಡಿ ಕೊಡುವಳು. ಬಿದಿರು ಹೆಣೆದು ಟಾರು ಬಳಿದ ಪುಟ್ಟ ತೆಪ್ಪದಲ್ಲಿ ಒಂದೆರಡು ಸಲ ಅವಳನ್ನೂ ಕೂರಿಸಿಕೊಂಡು ಹೋಗಿದ್ದ. ಗಾಳದ ಗಳ ಅವಳ ಕೈಗೆ ಕೊಟ್ಟು, ದಾರವನ್ನೇ ದಿಟ್ಟಿಸುತ್ತಿದ್ದವಳ ಮುಖ ಬೇರೆ ಕಡೆ ತಿರುಗಿಸಿ ಹೇಳಿದ್ದ:

"ಕಣ್ಣ ನಂಬಬ್ಯಾಡ ಕಣೆ. ಮೀನು ಬಂದ್ರೆ ಮೊದ್ಲು ಕೈಗೆ ಗೊತ್ತಾಯ್ತದೆ."

ಹೊನ್ನಪ್ಪ ತಿಮ್ಮೇಶನಿಗಿಂತ ಬಹಳ ದೊಡ್ಡವನು. ಅಪ್ಪ ತೀರಿಕೊಂಡಾಗ ತಿಮ್ಮೇಶನಿಗೆ ಇನ್ನೂ ಸರಿಯಾಗಿ ಚಡ್ಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಣ್ಣನೇ ಹೆಗಲ ಮೇಲೆ ಕೂರಿಸಿಕೊಂಡು ಇಸ್ಕೂಲಿಗೆ ಬಿಟ್ಟು, ಮದುವೆ ಮಾಡಿದವನು. ಚೆಲುವಮ್ಮನಿಗೆ ಅವನು ಭಾವ. ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತನಾಡುವ ವಾಡಿಕೆ ಇರಲಿಲ್ಲ. ಊಟಕ್ಕೆ ಕರೆಯಬೇಕಾದರೂ ಅವಳು ಓರಗಿತ್ತಿ ಬೈರಮ್ಮನಿಗೆ ಹೇಳುವಳು, ಬೈರಮ್ಮ ಗಂಡನಿಗೆ ಹೇಳುವಳು. ಭಾವ ಜಗಲಿಗೆ ಬಂದರೆ ಇವಳು ಸೆರಗು ಸರಿಮಾಡಿಕೊಂಡು ಒಳಗೆ ಸರಿಯುವಳು.

ತೊಂಬತ್ಮೂರರ ಬೇಸಿಗೆ. ಕೃತ್ತಿಕೆ ಮಳೆ ಹಿಡಿಯುವ ಕಾಲ. ನೀರು ಹಿಂದೆ ಸರಿದು, ದಡದ ಕೆಸರು ಒಣಗಿ, ಅಲ್ಲೆಲ್ಲ ಎಳೆ ಹುಲ್ಲು ಎದ್ದಿತ್ತು. ಚೆಲುವಮ್ಮ ಮಗುವನ್ನು ಬೈರಮ್ಮನ ಹತ್ತಿರ ಬಿಟ್ಟು ಹುಲ್ಲು ಕೊಯ್ಯಲು ಬಂದಿದ್ದಳು. ಕೂಗಿದರೆ ಕೇಳುವಷ್ಟು ದೂರದಲ್ಲಿ ತಿಮ್ಮೇಶನ ತೆಪ್ಪ. ಪಡುವಲಲ್ಲಿ ಮೋಡ ಕಪ್ಪಿಟ್ಟಿತು, ಗಾಳಿ ತಣ್ಣಗಾಯಿತು, ಗುಡುಗು ಶುರುವಾಯಿತು. ಹಿನ್ನೀರಿನ ಬಯಲಲ್ಲಿ ಒಂದು ಮರವಿಲ್ಲ, ಒಂದು ಬಂಡೆಯಿಲ್ಲ. ಅಷ್ಟಗಲಕ್ಕೂ ತಲೆಯೆತ್ತಿ ನಿಂತಿದ್ದು ತಿಮ್ಮೇಶನೊಬ್ಬ, ಅವನ ಕೈಯಲ್ಲಿ ಅವನಿಗಿಂತ ಎತ್ತರದ ಒದ್ದೆ ಗಳ.

ಅವಳು ಕೂಗಿದಳು. "ಬನ್ನಿ ಸಾಕು, ಗುಡುಗ್ತಾ ಅದೆ."

"ಗುಡುಗ್ದಾಗ್ಲೇ ಕಣೆ ಮೀನು ಏಳಾದು. ಇನ್ನೊಂದು ತಕ್ಕಂಡು ಬತ್ತೀನಿ."

ಮಳೆಗೆ ಮುಂಚೆ ಮೀನು ಮೇಲೇಳುತ್ತದೆ ಎಂಬುದು ಆ ದಡದ ಗಾಳದವರೆಲ್ಲರ ಮಾತು, ಸುಳ್ಳೂ ಅಲ್ಲ. ಅದಕ್ಕೇ ಎಲ್ಲರೂ ಎದ್ದು ಬರಬೇಕಾದ ಹೊತ್ತಿಗೆ ಇನ್ನೊಂದು ಉಂಡೆ ಸಿಕ್ಕಿಸಿ ಕೂರುತ್ತಿದ್ದರು. ತಿಮ್ಮೇಶನ ಗಾಳಕ್ಕೆ ಮೀನು ಕಚ್ಚಿತು. ಗಳ ಎತ್ತಿದ. ಆಕಾಶ ಬಿಳಿಯಾಯಿತು.

ಸದ್ದು ಅವಳಿಗೆ ಕೇಳಿಸಲೇ ಇಲ್ಲ. ಕಣ್ಣು ಬಿಟ್ಟಾಗ ತೆಪ್ಪದಲ್ಲಿ ನಿಂತವನು ಇರಲಿಲ್ಲ. ಗಾಳಿ ದಡದ ಕಡೆಗೇ ಬೀಸುತ್ತಿದ್ದುದರಿಂದ ತೆಪ್ಪ ಮೆಲ್ಲಗೆ ತಿರುಗುತ್ತ ತಾನೇ ಬಂತು. ನೀರೆಂದರೆ ಹೆದರುವ ಚೆಲುವಮ್ಮ ಎದೆಮಟ್ಟ ಇಳಿದು ಅದನ್ನು ಹಿಡಿದೆಳೆದಳು. ತಿಮ್ಮೇಶ ಒಳಗೆ ಮುದುಡಿ ಬಿದ್ದಿದ್ದ. ಕುತ್ತಿಗೆಯಿಂದ ಎದೆಗೆ ಒಂದು ಕೆಂಪು ಗೆರೆ, ಬೇರೇನೂ ಇಲ್ಲ. ಅವಳು ಅವನ ಕಾಲು ಹಿಡಿದು ಅಲುಗಾಡಿಸಿದಳು. ಕಾಲು ಬೆಚ್ಚಗಿತ್ತು. ಅವಳ ಕೈಗೆ ಏನೂ ಆಗಲಿಲ್ಲ.

ಅಷ್ಟರಲ್ಲಿ ಗದ್ದೆ ಕಡೆಯಿಂದ ಹೊನ್ನಪ್ಪ, ಅವನ ಹಿಂದೆ ನಾಲ್ಕಾರು ಜನ ಓಡಿ ಬಂದರು. ಮುಟ್ಟಬ್ಯಾಡಿ ಎಂಬ ಕೂಗು ಎಲ್ಲರ ಬಾಯಲ್ಲೂ. ಸಿಡಿಲು ಬಡಿದವನ ಮೈಯಲ್ಲಿ ಕರೆಂಟು ಉಳಿದಿರುತ್ತದೆ, ಮುಟ್ಟಿದವರೂ ಹೋಗುತ್ತಾರೆ, ತಿಪ್ಪೆಯಲ್ಲಿ ಕುತ್ತಿಗೆವರೆಗೆ ಹೂತರೆ ಗೊಬ್ಬರದ ಕಾವು ಅದನ್ನು ಎಳೆದುಕೊಂಡು ಜೀವ ಬರುತ್ತದೆ. ಅಪ್ಪ, ಅಜ್ಜ ಎಲ್ಲರೂ ಹೇಳಿಕೊಟ್ಟಿದ್ದು ಅದನ್ನೇ. ಹೊನ್ನಪ್ಪ ಬಂದವನೇ ಚೆಲುವಮ್ಮನ ರಟ್ಟೆ ಹಿಡಿದು ಹಿಂದಕ್ಕೆಳೆದ. ಅವಳು ಆ ಮನೆಗೆ ಬಂದ ಮೇಲೆ ಭಾವ ಅವಳನ್ನು ಮುಟ್ಟಿದ್ದು ಅದೇ ಮೊದಲು.

"ಬುಡವ್ವ, ಮಗು ಅದೆ ನಿಂಗೆ. ಬುಡು."

ಅವಳು ಬಿಟ್ಟಳು.

ಗೋಣಿ ತಾಟಿನಲ್ಲಿ ಸುತ್ತಿ, ಕೋಲು ತೂರಿಸಿ ತಿಮ್ಮೇಶನನ್ನು ಹಿತ್ತಲ ತಿಪ್ಪೆಗೆ ತಂದರು. ಹೊನ್ನಪ್ಪನೇ ಗುದ್ದಲಿ ಹಿಡಿದು ತೋಡಿದ. ಮುಖವೊಂದನ್ನು ಬಿಟ್ಟು ಮೈಯೆಲ್ಲ ಗೊಬ್ಬರ ಮುಚ್ಚಿದರು. ಮಳೆ ದಪ್ಪ ಹನಿಯಾಗಿ ಬಿತ್ತು. ತಮ್ಮನ ಕಣ್ಣಿಗೆ ನೀರು ಬೀಳದಿರಲೆಂದು ಹೊನ್ನಪ್ಪ ತನ್ನ ಟವಲನ್ನು ಅವನ ಮುಖದ ಮೇಲೆ ಎರಡೂ ಕೈಯಲ್ಲಿ ಚಪ್ಪರದ ಹಾಗೆ ಹಿಡಿದು ನಿಂತ. ಮಳೆ ನಿಲ್ಲುವವರೆಗೂ ಆ ಕೈ ಇಳಿಸಲಿಲ್ಲ. ಒಳಗೆ ಬೈರಮ್ಮ ಮಗುವನ್ನು ಅವುಚಿಕೊಂಡು ಅರ್ಜುನ, ಫಲ್ಗುಣ, ಪಾರ್ಥ ಎಂದು ಅರ್ಜುನನ ಹೆಸರುಗಳನ್ನು ಒಂದೇ ಸಮನೆ ಹೇಳುತ್ತಿದ್ದಳು. ಆಮೇಲೆ ಯಾರದೋ ಟ್ರಾಕ್ಟರಿನಲ್ಲಿ ಪಾಂಡವಪುರದ ಆಸ್ಪತ್ರೆಗೆ ಒಯ್ದರು. ಡಾಕ್ಟರು ಮುಟ್ಟಿ ನೋಡಿ, ಜೀವವಿಲ್ಲ ಎಂದು ತಲೆ ಆಡಿಸಿದರು.

ಅಂದಿನಿಂದ ಊರಿನ ಹೆಂಗಸರು ಬೇಲಿಯ ಮಾತು ಬಿಟ್ಟರು.

ಚೆಲುವಮ್ಮ ತವರಿಗೆ ಹೋಗಲಿಲ್ಲ. ಹಸು ಕರೆದಳು, ಡೇರಿಗೆ ಹಾಲು ಹಾಕಿದಳು, ದೀಪಳಿಗೆ ಮಾತು ಕಲಿಸಿದಳು. ಹೊನ್ನಪ್ಪ ಸಂತೆಯಿಂದ ಬಂದರೆ ತನ್ನ ಮಕ್ಕಳಿಗಿಂತ ಮೊದಲು ದೀಪಳ ಕೈಗೆ ಪೊಟ್ಟಣ ಕೊಡುತ್ತಿದ್ದ. ಬೇರೆಯವರು ತಿಮ್ಮೇಶನ ಮಾತೆತ್ತಿದರೆ, ನಾವು ಮಾಡಾದೆಲ್ಲ ಮಾಡ್ದೋ, ಅವನ ಋಣ ತೀರಿತ್ತು ಎನ್ನುತ್ತಿದ್ದ. ಆ ಮಾತೊಂದನ್ನು ಹಿಡಿದುಕೊಂಡೇ ಅವನು ಬದುಕಿದ್ದಾನೆ ಎಂದು ಚೆಲುವಮ್ಮನಿಗೆ ಗೊತ್ತಿತ್ತು.

ದೀಪಳಿಗೆ ನಾಲ್ಕು ತುಂಬಿದ್ದಾಗ ಒಂದು ದಿನ ಜ್ವರ ಬಂತೆಂದು ಚೆಲುವಮ್ಮ ಅವಳನ್ನು ಪಕ್ಕದೂರಿನ ಆರೋಗ್ಯ ಉಪಕೇಂದ್ರಕ್ಕೆ ಎತ್ತಿಕೊಂಡು ಹೋದಳು. ಅಲ್ಲಿಗೆ ಜಯಲಕ್ಷ್ಮಮ್ಮ ಎಂಬ ನರ್ಸು ಹೊಸದಾಗಿ ಬಂದಿದ್ದರು. ಮಾತ್ರೆ ಕೊಟ್ಟು ಕಳಿಸುವಷ್ಟರಲ್ಲಿ ಗುಡುಗು ಮಳೆ. ಚೆಲುವಮ್ಮ ಕಿಟಕಿಯ ಹತ್ತಿರವೂ ಕೂರದೆ ಮಗಳ ಕಿವಿ ಮುಚ್ಚಿ ಮೂಲೆಗೆ ಸೇರಿದ್ದನ್ನು ನೋಡಿ ನರ್ಸು ಮಾತಿಗೆಳೆದರು. ಇವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ತಮ್ಮ ಹಿಂದಿನ ಊರಿನಲ್ಲಿ ಸಿಡಿಲು ಬಡಿದ ಒಬ್ಬನನ್ನು ತಿಪ್ಪೆಯಿಂದ ಎತ್ತಿಸಿದ ಕಥೆ ಹೇಳಿದರು.

"ಮೈಯಲ್ಲಿ ಕರೆಂಟು ಉಳಿದಿರೋದೇ ಇಲ್ಲ ಕಣಮ್ಮ, ಮುಟ್ಟಿದ್ರೆ ಏನೂ ಆಗಲ್ಲ. ಉಸಿರು ನಿಂತಿರುತ್ತೆ, ಅಷ್ಟೆ. ಎಷ್ಟೋ ಸಲ ಆಗಲೇ ಎದೆ ಒತ್ತಿ, ಬಾಯಿಗೆ ಊದಿದ್ರೆ ಬಂದ್ಬಿಡುತ್ತೆ. ತಿಪ್ಪೇಲಿ ಹೂತು ಕಾಯ್ತಾ ಕೂತ್ರೆ ಇರೋ ಜೀವಾನೂ ಹೋಗುತ್ತೆ."

ಚೆಲುವಮ್ಮ ತನ್ನ ಬಲಗೈ ನೋಡಿಕೊಂಡಳು. ಹೊರಗೆ ಮಳೆ ನಿಂತ ಮೇಲೂ ಎದ್ದು ಹೋಗಲಿಲ್ಲ. ಹೇಗೆ ಒತ್ತಬೇಕು ತೋರಿಸಿ ಎಂದಳು. ಜಯಲಕ್ಷ್ಮಮ್ಮ ಮಂಚದ ದಿಂಬಿನ ಮೇಲೆ ತೋರಿಸಿದರು. ಇನ್ನೊಂದು ಸಲ ಎಂದಳು. ಆಮೇಲೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟವಳು ಊರು ಬರುವ ಮೊದಲೇ ಕಾಲುವೆ ಏರಿಯ ಮೇಲೆ ಕುಸಿದು ಕೂತು ಅತ್ತಳು. ಕೈ ಅವತ್ತೇ ಹೇಳಿತ್ತು. ಕೈ ಹೇಳಿದ್ದನ್ನು ಅವಳು ನಂಬಲಿಲ್ಲ.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಭಾವ ಉಳಿಯುವುದಿಲ್ಲ. ಹೇಳದೆ ಇದ್ದರೆ ನಾಳೆ ಇನ್ನೊಬ್ಬರ ಮಗನನ್ನು ಅದೇ ತಿಪ್ಪೆಗೆ ಹೊರುತ್ತಾರೆ. ಈ ಎರಡರ ನಡುವೆ ಅವಳು ತನಗೆ ಸಾಧ್ಯವಾದ ಅರ್ಧವನ್ನು ಮಾಡತೊಡಗಿದಳು. ಮೋಡ ಕಟ್ಟಿದರೆ ಸಾಕು, ಹಸು ಕಟ್ಟುವುದನ್ನೂ ಬಿಟ್ಟು ದಡಕ್ಕೆ ಓಡುವಳು. ನೀರಿನಿಂದ ಎದ್ದು ಬನ್ನಿ, ಗಳ ಮಲಗಿಸಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಗುಡುಗು ದೂರದಲ್ಲಿದ್ದಾಗಲೇ ಮನೆ ಸೇರಿ ಎಂದು ಗಂಟಲು ಹರಿಯುವಂತೆ ಕೂಗುವಳು. ಗಾಳದವರು ಅವಳ ಮುಖ ನೋಡಿ ಎದ್ದು ಬರುತ್ತಿದ್ದರು. ಉಳಿದರ್ಧವನ್ನು ಕೊಟ್ಟಿಗೆಯಲ್ಲಿ, ಯಾರೂ ಇಲ್ಲದಾಗ, ಬೂಸಾ ಮೂಟೆಯನ್ನು ನೆಲಕ್ಕೆ ಮಲಗಿಸಿ ಒತ್ತಿ ಒತ್ತಿ ರೂಢಿ ಮಾಡಿಕೊಂಡಳು. ಒಮ್ಮೆ ಬೈರಮ್ಮ ನೋಡಿ ಇದೇನೆಂದು ಕೇಳಿದಳು. ಬೂಸಾ ಗಂಟುಗಟ್ಟಿದೆ, ಒಡೆಯುತ್ತಿದ್ದೇನೆ ಎಂದಳು.

ತೊಂಬತ್ತೇಳರ ಮುಂಗಾರಿಗೆ ಮುಂಚಿನ ಒಂದು ಭಾನುವಾರ. ಕೆ.ಆರ್.ಎಸ್.ನ ಹೋಟೆಲೊಂದರಲ್ಲಿ ದೋಸೆ ಹಾಕುವ ಕುಮಾರ್, ರಜೆ ಸಿಕ್ಕಾಗೆಲ್ಲ ಗಾಳ ಹಿಡಿದು ಆ ದಡಕ್ಕೆ ಬರುವವನು, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಚೆಲುವಮ್ಮ ಕೂಗಿದಳು. ಬಂದೆ ಅಕ್ಕ ಎಂದು ಅವನು ನಗುತ್ತ ದಡದ ಕಡೆ ತಿರುಗಿದ್ದ. ಗಳ ಹೆಗಲ ಮೇಲಿತ್ತು. ಅಷ್ಟರಲ್ಲಿ ಹತ್ತಿರದಲ್ಲೇ ಸಿಡಿಲು ಬಿದ್ದು ಅವನು ನೀರಿಗೆ ಉರುಳಿದ.

ಜನ ಸೇರಿದರು. ಯಾರೋ ಹಗ್ಗ ಎಸೆದು ಅವನ ಸೊಂಟಕ್ಕೆ ಸಿಕ್ಕಿಸಿ ದಡಕ್ಕೆಳೆದರು. ಮುಟ್ಟಬ್ಯಾಡಿ, ತಿಪ್ಪೆಗೆ ತಕ್ಕಂಡು ನಡೀರಿ ಎಂಬ ಅದೇ ಮಾತು. ಹೊನ್ನಪ್ಪ ಆಗಲೇ ಗುದ್ದಲಿ ತಂದಿದ್ದ. ಚೆಲುವಮ್ಮ ಆ ಗುದ್ದಲಿ ನೋಡಿದಳು. ಈಗ ಮುಂದೆ ಹೋದರೆ ಭಾವನಿಗೆ ಎಲ್ಲವೂ ತಿಳಿಯುತ್ತದೆ. ಆಮೇಲೆ ಅವಳು ನಡೆದು ಬಂದು, ಮೊದಲ ಸಲ, ಅವನ ಎದುರಿಗೇ ನಿಂತು ಮಾತನಾಡಿದಳು.

"ತಿಪ್ಪೆ ಬ್ಯಾಡ ಭಾವ."

ಕುಮಾರನ ಪಕ್ಕ ಮೊಣಕಾಲೂರಿದಳು. ಎದೆಯ ನಡುವೆ ಕೈ ಮೇಲೆ ಕೈ ಇಟ್ಟು ಒತ್ತಿದಳು. ಅವನ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಊದಿದಳು. ಗಂಡ ಸತ್ತ ಹೆಂಗಸು ಹಿಂಗೆಲ್ಲಾ ಮಾಡಬಹುದಾ ಎಂದು ಹಿಂದೆ ಒಂದು ದನಿ ಕೇಳಿತು. ಅವಳು ತಲೆ ಎತ್ತಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಊದಿದಳು. ಸೆರಗು ಕೆಸರಿಗೆ ಬಿತ್ತು. ಮಳೆ ಬಂತು. ಆಗಲ್ಲ ಬುಡು ಚೆಲುವಿ ಎಂದು ಯಾರೋ ಹೇಳುವಷ್ಟು ಹೊತ್ತಾದ ಮೇಲೆ ಕುಮಾರ್ ಒಂದು ಸಲ ಬಿಕ್ಕಿ, ಕೆಮ್ಮಿ, ನೀರು ಕಾರಿದ.

ಅವನನ್ನು ಟ್ರಾಕ್ಟರಿನಲ್ಲಿ ಮಲಗಿಸಿ ಪಾಂಡವಪುರಕ್ಕೆ ಕೊಂಡೊಯ್ದರು. ಜನವೆಲ್ಲ ಅದರ ಹಿಂದೆ ಹೋಯಿತು. ದಡದಲ್ಲಿ ಹೊನ್ನಪ್ಪ ಒಬ್ಬನೇ ಗುದ್ದಲಿ ಊರಿಕೊಂಡು ಮಳೆಯಲ್ಲಿ ನಿಂತಿದ್ದ.

ಆ ವಾರವೆಲ್ಲ ಅವನು ಯಾರ ಜೊತೆಯೂ ಸರಿಯಾಗಿ ಮಾತನಾಡಲಿಲ್ಲ. ಮುದ್ದೆ ಮುರಿದು ಹಾಗೇ ಬಿಟ್ಟೇಳುತ್ತಾನೆ ಎಂದು ಬೈರಮ್ಮ ಅತ್ತಳು. ಒಂದು ಬೆಳಿಗ್ಗೆ ಚೆಲುವಮ್ಮ ಹಾಲು ಕರೆದು ಏಳುವಾಗ ಅವನು ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತ. ಅವಳು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು. ಅವನು ಹೋಗಲಿಲ್ಲ.

"ಆ ಉಡ್ಗ ಮನ್ಗೆ ಬಂದನಂತೆ. ಒಂದು ಕಿವಿ ಕೇಳಾಕಿಲ್ವಂತೆ."

"ಊಂ ಭಾವ."

ಹೊನ್ನಪ್ಪ ಒಳಗೆ ಬಂದು ಹಸುವಿನ ಬೆನ್ನು ಸವರಿದ.

"ತಿಮ್ಮನೂ ಇಂಗೇ ಎದ್ದೇಳ್ತಿದ್ನಾ ಅವತ್ತು?"

ಈ ಪ್ರಶ್ನೆಗೆ ಅವಳು ಎಂದೋ ಉತ್ತರ ಕಟ್ಟಿಟ್ಟುಕೊಂಡಿದ್ದಳು. "ಇಲ್ಲ ಭಾವ. ಅವ್ರು ತೆಪ್ಪದಲ್ಲೇ ಓಗ್ಬುಟ್ಟಿದ್ರು. ಮೈ ತಣ್ಣಗಾಗೋಗಿತ್ತು. ಏನು ಮಾಡಿದ್ರೂ ಆಯ್ತಿರ್ಲಿಲ್ಲ."

ಹೊನ್ನಪ್ಪ ತಲೆ ಅಲ್ಲಾಡಿಸಿದ. ಅವಳು ಹೇಳಿದ್ದನ್ನು ಒಪ್ಪಿದ ತಲೆಯಲ್ಲ ಅದು.

"ನೀನು ಅವನ ಕಾಲು ಇಡ್ಕಂಡಿದ್ದೆ ಕಣವ್ವ. ನಿಂಗೇನೂ ಆಗಿರ್ಲಿಲ್ಲ. ನಾನು ನೋಡ್ದೆ. ನೋಡ್ನೋಡ್ತಾನೇ ಬುಡಿಸ್ದೆ."

ಇಷ್ಟು ದಿನ ಚೆಲುವಮ್ಮ ಅವನಿಂದ ಬಚ್ಚಿಟ್ಟೆ ಎಂದುಕೊಂಡಿದ್ದು ಅವನ ಹತ್ತಿರವೇ ಇತ್ತು. ಋಣ ತೀರಿತ್ತು ಎಂದು ಊರಿಗೆಲ್ಲ ಹೇಳುವಾಗಲೂ ಇತ್ತು. ಹಾಲಿನ ಕ್ಯಾನು ಕೆಳಗಿಟ್ಟು ಗೋಡೆಗೆ ಒರಗಿದಳು.

"ನಂಗೂ ತೋರ್ಸವ್ವ," ಎಂದ ಹೊನ್ನಪ್ಪ. "ಎಂಗೆ ಒತ್ತಾದು ಅಂತ."

ಅವಳು ಬೂಸಾ ಮೂಟೆಯನ್ನು ಎಳೆದು ನೆಲಕ್ಕೆ ಮಲಗಿಸಿದಳು. ಅವನು ಅದರ ಮುಂದೆ ಕಷ್ಟಪಟ್ಟು ಮೊಣಕಾಲೂರಿ ಕೂತ. ಎಲ್ಲಿ ಕೈ ಇಡಬೇಕೆಂದು ತಿಳಿಯದೆ ನೋಡಿದ. ಚೆಲುವಮ್ಮ ಎದುರು ಕೂತು, ಭಾವನ ಎರಡೂ ಕೈ ಹಿಡಿದು, ಒಂದರ ಮೇಲೊಂದು ಇಟ್ಟಳು. ಗುದ್ದಲಿ ಹಿಡಿದು ಒರಟಾದ ಕೈ. ಅದರ ಮೇಲೆ ತನ್ನ ಕೈ ಇಟ್ಟಳು.

"ಮೊಣಕೈ ಮಡಿಸ್ಬ್ಯಾಡಿ ಭಾವ. ಮೈಯ ಭಾರ ಬುಡಿ. ಊಂ, ಅಂಗೆ."

ಅವನು ಒತ್ತಿದ. ಸರಿಯಾಗಿಯೇ ಒತ್ತಿದ. ಅವಳು ಕೈ ತೆಗೆದಳು. ಅವನು ಒತ್ತುತ್ತಲೇ ಇದ್ದ. ಮೂಗಿನಿಂದ, ಕಣ್ಣಿನಿಂದ ನೀರು ಸುರಿದು ಗೋಣಿ ಒದ್ದೆಯಾಯಿತು. ಬಾಗಿಲಿಗೆ ಬಂದ ಬೈರಮ್ಮ, ಹಾಲಿಗೆ ಹೊತ್ತಾಯಿತು ಎನ್ನಲು ಬಂದವಳು, ಹಾಗೇ ನಿಂತಳು. ಮೂಟೆಯ ಒಂದು ಕಡೆಯ ಹೊಲಿಗೆ ಬಿಚ್ಚಿ ಬೂಸಾ ನೆಲಕ್ಕೆ ಸುರಿಯತೊಡಗಿತು.

ಸಾಕು ಭಾವ ಎಂದಳು ಚೆಲುವಮ್ಮ. ಅವನು ನಿಲ್ಲಿಸಲಿಲ್ಲ.